ಕೃಷ್ಣ ಮೂವರು, ಹಾರ್ಮೋನಿಯಂ ಒಂದೇ

ಸುಗ್ಗಿ ಮುಗಿದು ಕೈಗೆ ಕೊಂಚ ಬಿಡುವು ಬಂತೆಂದರೆ ಮಂಡ್ಯ, ತುಮಕೂರು, ರಾಮನಗರ ಸೀಮೆಯ ಊರಬಾಗಿಲುಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ. ‘ಶ್ರೀಕೃಷ್ಣ ಸಂಧಾನ ಅಥವಾ ಕುರುಕ್ಷೇತ್ರ ಎಂಬ ಪೌರಾಣಿಕ ನಾಟಕ’. ಕೆಳಗೆ ಸಾಲಾಗಿ ಪಾತ್ರಧಾರಿಗಳ ಭಾವಚಿತ್ರ: ಡೇರಿ ಕಾರ್ಯದರ್ಶಿ ಭೀಮ, ಬಸ್ ಕಂಡಕ್ಟರ್ ಕರ್ಣ, ಪಂಚಾಯಿತಿ ಮೆಂಬರ್ ದುರ್ಯೋಧನ. ಕೃಷ್ಣ ಮಾತ್ರ ಮೂವರು. ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ಬರೆದೇ ಇರುತ್ತದೆ. ಪಾತ್ರಕ್ಕೆ ಇಂತಿಷ್ಟು ಎಂದು ದುಡ್ಡು ಹಾಕಿ ಬಣ್ಣ ಹಚ್ಚುವುದು ಇಲ್ಲಿಯ ಪದ್ಧತಿ. ಆಸೆಪಟ್ಟವರು ಹೆಚ್ಚಾದರೆ ಭಗವಂತನೂ ಪಾಲಾಗುತ್ತಾನೆ. ಒಬ್ಬನೇ ಬೆಳಗಿನವರೆಗೆ ಮಾಡಿದರೆ ಗಂಟಲು ಉಳಿಯುವುದಿಲ್ಲ ಎಂಬುದೂ ಇನ್ನೊಂದು ಕಾರಣ. ಈ ಕೃಷ್ಣ ಮಾತಾಡಿದಷ್ಟೇ ಹಾಡಲೂ ಬೇಕು.

ಹಾಡಿನಿಂದಲೇ ಕಥೆ ಸಾಗುವ ನಾಟಕ ನೋಡಲು ಲಂಡನ್ನು, ನ್ಯೂಯಾರ್ಕುಗಳಲ್ಲಿ ಜನ ಸಾವಿರಗಟ್ಟಲೆ ರೂಪಾಯಿ ತೆತ್ತು ಹೋಗುತ್ತಾರೆ. ಇಲ್ಲಿ ಮನೆಯಿಂದ ಒಂದು ಚಾಪೆ, ಒಂದು ಕಂಬಳಿ ತಂದರೆ ಆಯಿತು.

ಮೂರನೇ ಬೆಲ್ಲಾದ ಮೇಲೆ ನಾಂದಿ. ಎಲ್ಲರ ಕಣ್ಣು ಜರತಾರಿ ಉಡುಪಿನವರ ಮೇಲಿರುವಾಗ, ನೋಡಬೇಕಾದ ಮನುಷ್ಯ ರಂಗದ ಕೆಳಗೆ ಪಕ್ಕದಲ್ಲಿ ಕುಳಿತಿರುತ್ತಾರೆ: ಡ್ರಾಮಾ ಮೇಷ್ಟ್ರು. ಕಾಲಿನಲ್ಲಿ ತಿದಿ ಒತ್ತುತ್ತ ಎರಡೂ ಕೈ ಮನೆಗಳ ಮೇಲೆ ಓಡಿಸಬಹುದಾದ ಕಾಲು ಹಾರ್ಮೋನಿಯಂ ಕಂಪನಿ ನಾಟಕಗಳ ಕಾಲದ ಆಸ್ತಿ. ನಾಟಕಕ್ಕೆ ಮೊದಲು ತಿಂಗಳುಗಟ್ಟಲೆ, ಹೊಲದಿಂದ ಬಂದವರು ಊಟ ಮುಗಿಸಿ ಸೇರುವ ರಾತ್ರಿಯ ಪ್ರಾಕ್ಟೀಸಿನಲ್ಲಿ, ಶ್ರುತಿಯೆಂದರೆ ಏನೆಂದು ಗೊತ್ತಿಲ್ಲದವರ ಬಾಯಲ್ಲಿ ಮೋಹನ, ಹಿಂದೋಳ ಕೂರಿಸಿದವರು ಇವರೇ. ಪಾತ್ರ ಹಂಚುವವರು, ಮಾತು ತಿದ್ದುವವರು, ಮರೆತ ಸಾಲು ಎತ್ತಿಕೊಡುವವರು, ಮುನಿಸಿಕೊಂಡ ಅರ್ಜುನನನ್ನು ಸಮಾಧಾನ ಮಾಡುವವರು ಕೂಡ.

ಅವರ ಕಸುಬಿನ ಪರೀಕ್ಷೆ ನಡೆಯುವುದು ನಟ ಕಂದಪದ್ಯ ಹಾಡುವಾಗ. ಕಂದಕ್ಕೆ ತಾಳದ ಹಂಗಿಲ್ಲ. ನಟ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಅಕ್ಷರವನ್ನು ಎಳೆಯುತ್ತಾನೆ, ಕೊನೆಯ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾನೆ, ಒಂದೂ ಮೊದಲೇ ಗೊತ್ತಿರುವುದಿಲ್ಲ. ಮೇಷ್ಟ್ರು ಅವನ ಬಾಯನ್ನೇ ನೋಡುತ್ತ ಒಂದು ಕೂದಲೆಳೆ ಹಿಂದೆ ನುಡಿಸುತ್ತ ಬರುತ್ತಾರೆ. ದುರ್ಯೋಧನನ ದನಿ ಶ್ರುತಿಯಿಂದ ಜಾರಿತೆನ್ನಿ, ತಟ್ಟನೆ ಷಡ್ಜವನ್ನು ಜೋರಾಗಿ ಹಿಡಿದು ಅವನನ್ನು ದಾರಿಗೆ ತರುತ್ತಾರೆ. ಎರಡನೇ ಸಾಲು ಮರೆತರೆ ಬೆರಳುಗಳು ಒಂದು ಸಂಗತಿಯನ್ನು ಬೆಳೆಸುತ್ತಿರುತ್ತವೆ, ತುಟಿ ಮೆಲ್ಲಗೆ ಮುಂದಿನ ಪದ ಹೇಳುತ್ತಿರುತ್ತದೆ. ದೂರದಲ್ಲಿ ಕುಳಿತವರಿಗೆ ಅದು ಭರ್ಜರಿ ಆಲಾಪ. ಹತ್ತಿರ ಕುಳಿತವರಿಗಷ್ಟೇ ಗುಟ್ಟು ಗೊತ್ತು. ಇಷ್ಟು ಬಲ್ಲ ವಾದ್ಯಕ್ಕೆ ಗಮಕ ಬಾರದೆಂಬ ಆಕ್ಷೇಪದ ಮೇಲೆ ಆಕಾಶವಾಣಿ 1940ರಿಂದ 1971ರವರೆಗೆ ಬಾಗಿಲು ಮುಚ್ಚಿತ್ತು. ಆ ಮೂವತ್ತು ವರ್ಷವೂ ನಾಟಕದ ಟೆಂಟುಗಳಲ್ಲಿ ಅದರ ದರ್ಬಾರು ನಡೆದೇ ಇತ್ತು.

ಹಾಡು ಚೆನ್ನಾಗಿ ಕುದುರಿತೆಂದರೆ ಹಿಂದಿನ ಸಾಲಿನಿಂದ ಕೂಗು ಬರುತ್ತದೆ: ‘ಒನ್ಸ್ ಮೋರ್!’ ಸತ್ತ ಪಾತ್ರ ಎದ್ದು ಹಾಡಿ ಮತ್ತೆ ಸತ್ತ ಕಥೆಗಳನ್ನು ಕಂಪನಿ ನಾಟಕದ ಹಳಬರು ಎಷ್ಟು ಬೇಕಾದರೂ ಹೇಳುತ್ತಾರೆ. ಪೇಟೆಯ ಪ್ರೇಕ್ಷಕರು ಅದನ್ನು ಕೇಳಿ ನಗುತ್ತಾರೆ, ನಾಟಕದ ಭ್ರಮೆ ಒಡೆಯಿತಲ್ಲ ಎಂದು. ನನಗೇನೋ ಅಲ್ಲಿ ಒಡೆದದ್ದು ಯಾವುದೂ ಕಾಣುವುದಿಲ್ಲ. ಅಭಿಮನ್ಯು ಸಾಯುತ್ತಾನೆಂದು ಕುಳಿತವರಿಗೆಲ್ಲ ಹುಟ್ಟಿದಾಗಿನಿಂದ ಗೊತ್ತು. ಅವರು ಬಂದಿರುವುದು ಅವನು ಇವತ್ತು ಹೇಗೆ ಹಾಡಿಕೊಂಡು ಸಾಯುತ್ತಾನೆ ಎಂದು ಕೇಳಲು. ಎರಡನೇ ಸಲ ಹಾಡಿದಾಗ ಅದು ಮೊದಲಿನ ಹಾಡೇ ಆಗಿರುವುದಿಲ್ಲ, ಹುರುಪು ಬಂದು ಇನ್ನೊಂದು ಸ್ವರ ಮೇಲೇರಿರುತ್ತದೆ. ಹಾಡು ಎಷ್ಟುದ್ದ ಇರಬೇಕೆಂದು ತೀರ್ಮಾನಿಸುವ ಅಧಿಕಾರದಲ್ಲಿ ಕೇಳುವವನಿಗೂ ಪಾಲಿದೆ. ಮೊಬೈಲಿನಲ್ಲಿ ಅದೇ ಹಾಡನ್ನು ನೂರು ಸಲ ಒತ್ತಿ ಕೇಳಿದರೂ ಹಾಡುವವನಿಗೆ ಅದು ತಲುಪುವುದಿಲ್ಲವಲ್ಲ!

ಈ ರುಚಿ ಹಳ್ಳಿಗೆ ಬಂದದ್ದು ವೃತ್ತಿ ಕಂಪನಿಗಳಿಂದ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಯಲ್ಲಿ ಮನೆಮಾತಾಯಿತು; 1930ರ ದಶಕದಲ್ಲಿ ಅವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಇವತ್ತಿನ ಹಳ್ಳಿಯ ಕುರುಕ್ಷೇತ್ರಕ್ಕೆ ಬಾಡಿಗೆ ಸೀನರಿ ಲಾರಿಯಲ್ಲಿ ಬರುತ್ತದೆ, ಆದರೆ ದರ್ಬಾರು ಸೀನು, ಕಾಡಿನ ಸೀನು, ಹಿಂದೆ ಸಿಂಹಾಸನ ಜೋಡಿಸುವಾಗ ಮುಂದೆ ಇಳಿಯುವ ರಸ್ತೆ ಸೀನು, ಎಲ್ಲವೂ ಕಂಪನಿಯ ಬಳುವಳಿಯೇ. ಮೈಕು ಇಲ್ಲದ ಆ ದಿನಗಳಲ್ಲಿ ಕೊನೆಯ ಸಾಲಿಗೆ ಕೇಳುವಂತೆ ಹಾಡಬಲ್ಲವನೇ ನಾಯಕ. ಹೀಗಾಗಿ ಉತ್ತರ ಕರ್ನಾಟಕದಲ್ಲಿ ನಾಟಕ ಕಂಪನಿ ಎಂದರೆ ಸಂಗೀತ ಶಾಲೆಯೂ ಆಗಿತ್ತು. ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ಕಂಪನಿಯಲ್ಲಿ ಹಾಡುತ್ತಿದ್ದರು. ಅವರ ದನಿಯನ್ನು ಗುರು ನೀಲಕಂಠಬುವಾ ಗುರುತಿಸಿದ್ದು ರಂಗದ ಮೇಲೆಯೇ. ಬಸವರಾಜ ರಾಜಗುರು ಕೂಡ ಆ ದಾರಿಯವರೇ. ಆ ಕಾಲದ ಹಾಡುನಟ ಏಣಗಿ ಬಾಳಪ್ಪನವರು ನೂರು ದಾಟಿಯೂ ಬದುಕಿದ್ದರು, 2017ರಲ್ಲಿ ತೀರಿಕೊಂಡರು. ‘ರಕ್ತರಾತ್ರಿ’ಯ ದ್ರೌಪದಿಯಾಗಿ ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಹಾಡಿದ್ದನ್ನು ಕೇಳಿದವರು ಇನ್ನೂ ಇದ್ದಾರೆ. ಗಂಡಸರು ಸೀರೆ ಉಟ್ಟ ರಂಗದಲ್ಲಿ ಲೆಕ್ಕ ತಿರುಗಿಸಿದವರು ಆರ್. ನಾಗರತ್ನಮ್ಮ. 1958ರಲ್ಲಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿ ಕಂಸ, ರಾವಣರನ್ನು ತಾವೇ ಆಡಿದರು.

ಗುಬ್ಬಿ ಕಂಪನಿ ಸೇರಿದ್ದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತ. ಮುಂದೆ ಹವ್ಯಾಸಿ ರಂಗಭೂಮಿಯಲ್ಲಿ, 1989ರಲ್ಲಿ ಶುರುವಾದ ಮೈಸೂರಿನ ರಂಗಾಯಣದಲ್ಲಿ, ಹಾಡನ್ನು ಮತ್ತೆ ನಾಟಕದ ಒಳಗೆ ತಂದವರು ಅವರು. ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ ಕಾರಂತರ ಕೈಯಲ್ಲಿ ರಂಗವೇರಿತು. ಕಂಪನಿ ನಾಟಕವನ್ನು ಹಳತೆಂದು ಮೂಗು ಮುರಿಯುವವರು ಕಾರಂತರ ಕಿವಿ ಎಲ್ಲಿ ಪಳಗಿತೆಂದು ಒಮ್ಮೆ ನೆನೆಯಬೇಕು.

ಈಗಿನ ತಕರಾರು ಬೇರೆ. ಕೆಲವು ಕಡೆ ಕಾಲು ಹಾರ್ಮೋನಿಯಂ ಹೋಗಿ ಕೀಬೋರ್ಡು ಬಂದಿದೆ, ತಬಲಾ ಜಾಗದಲ್ಲಿ ರಿದಂ ಪ್ಯಾಡು. ಕೀಬೋರ್ಡಿನ ಮೇಲೆ ನನಗೆ ಹಗೆಯಿಲ್ಲ. ಅದನ್ನೂ ಉಸಿರು ನೋಡಿ ನುಡಿಸುವವರಿದ್ದಾರೆ. ಸಿಟ್ಟು ಬರುವುದು ಎಕೋ ತುಂಬಿಸಿದ ಮೈಕಿನ ಮೇಲೆ. ಭೀಮನ ಒಂದು ಕಂದ ಮೂರು ಸಲ ಪ್ರತಿಧ್ವನಿಸಿ ಅಕ್ಷರವೆಲ್ಲ ಕಲಸಿಹೋದರೆ ಒನ್ಸ್ ಮೋರ್ ಕೂಗುವುದಾದರೂ ಯಾವುದಕ್ಕೆ?

ಹೋಗುವವರಿಗೆ ಎರಡು ಮಾತು. ಹತ್ತು ಗಂಟೆಗೆ ಹೋಗಿ ಹನ್ನೆರಡಕ್ಕೆ ಎದ್ದು ಬರುವುದಾದರೆ ಹೋಗಲೇಬೇಡಿ. ಮೊದಲ ಗಂಟೆಯಲ್ಲಿ ಪಾತ್ರಧಾರಿಗಳ ಗಂಟಲೂ ಕಾದಿರುವುದಿಲ್ಲ, ಶಾಲು ಹಾರದ ಸನ್ಮಾನಗಳೂ ಮುಗಿದಿರುವುದಿಲ್ಲ. ಮುಂದಿನ ಸೋಫಾ ಗಣ್ಯರಿಗೆ ಮೀಸಲು, ಬಿಟ್ಟುಬಿಡಿ. ಹಾರ್ಮೋನಿಯಂ ಇರುವ ಮಗ್ಗುಲು ಹುಡುಕಿ, ಮೇಷ್ಟ್ರ ತುಟಿ ಕಾಣುವಷ್ಟು ಹತ್ತಿರ ಚಾಪೆ ಹಾಸಿ.