ಮುಟ್ಟದೆ ಹಿಡಿದ ನಾಡಿ

ಓಡಾಡುವ ಮಗುವಿನ ಫೋಟೊ ಮಸುಕಾದರೆ, ಒಂದು ಗಳಿಗೆ ನಿಲ್ಲು ಪುಟ್ಟಾ ಎನ್ನಬಹುದು. ಹೃದಯಕ್ಕೆ ಹಾಗೆನ್ನಲಾಗದು. ಅದು ನಿಮಿಷಕ್ಕೆ ಎಪ್ಪತ್ತರಂತೆ ಮಿಡಿಯುತ್ತಲೇ ಇರಬೇಕು. ಆದ್ದರಿಂದ ಎಂಆರ್‌ಐ ಯಂತ್ರವೇ ಅದರ ತಾಳ ಹಿಡಿಯುತ್ತದೆ. ಒಂದೊಂದು ಬಡಿತದಲ್ಲೂ ತುಸು ತುಸು ಮಾಹಿತಿ ಸಂಗ್ರಹಿಸಿ, ಹಲವು ಬಡಿತಗಳಿಂದ ಒಂದು ಚಿತ್ರ ಕಟ್ಟುತ್ತದೆ. ತಾಳ ತಪ್ಪಿದರೆ ಚಿತ್ರ ಕಲಸಿಹೋಗುತ್ತದೆ.

ತಾಳ ಹೇಳುವ ಕೆಲಸ ದಶಕಗಳಿಂದ ಇಸಿಜಿಯದು, ಅಂದರೆ ಹೃದಯದ ವಿದ್ಯುತ್ತಿನ ದಾಖಲೆಯದು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವಿಲ್ಲೆಮ್ ಐಂಥೋವನ್ ರೋಗಿಯ ಕೈಕಾಲುಗಳನ್ನು ಉಪ್ಪುನೀರಿನಲ್ಲಿ ಇಳಿಸಿ ಹೃದಯದ ವಿದ್ಯುತ್ತನ್ನು ದಾಖಲಿಸಿದ್ದ. 1924ರ ನೊಬೆಲ್ ಅವನಿಗೆ ಬಂದದ್ದು ಇದಕ್ಕಾಗಿ. ಇಂದು ಎದೆಗೆ ಎಲೆಕ್ಟ್ರೋಡ್ ಅಂಟಿಸಿದರೆ ಸಾಕು. ಇಸಿಜಿಯ ಚೂಪಾದ ‘ಆರ್’ ಅಲೆ ಕಂಡೊಡನೆ ಯಂತ್ರಕ್ಕೆ ಸುಳಿವು ಸಿಗುತ್ತದೆ.

ಆದರೆ ಎಂಆರ್‌ಐ ಯಂತ್ರದ ಅಯಸ್ಕಾಂತದೊಳಗೆ ಈ ಲೆಕ್ಕ ತಪ್ಪುತ್ತದೆ. 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯದರ ಸುಮಾರು 30,000 ಪಟ್ಟು. ಲವಣ ಬೆರೆತ ರಕ್ತ ಅದರಲ್ಲಿ ಹರಿದಾಗ ತಾನೂ ವಿದ್ಯುತ್ತು ಹುಟ್ಟಿಸುತ್ತದೆ. ಮಹಾಧಮನಿಗೆ ರಕ್ತ ನುಗ್ಗುವ ಹೊತ್ತಿಗೆ ಇಸಿಜಿಯ ಇನ್ನೊಂದು ಅಲೆಯಾದ ‘ಟಿ’ ಅಲೆ ಉಬ್ಬಿ, ‘ಆರ್’ ಅಲೆಯ ವೇಷ ತೊಡುತ್ತದೆ. ಯಂತ್ರ ಅಕಾಲದಲ್ಲಿ ಚಿತ್ರ ತೆಗೆಯುತ್ತದೆ. ವೈರುಗಳು ಕಾದು ಚರ್ಮ ಸುಡುವ ಅಪಾಯ ಬೇರೆ.

ಕಾಂತಬಲ ಹೆಚ್ಚಿದಷ್ಟೂ ತೊಡಕು ಹೆಚ್ಚು. 7 ಟೆಸ್ಲಾ ಯಂತ್ರದಲ್ಲಿ ಬರ್ಲಿನ್ನಿನ ಸಂಶೋಧಕರು ವಿದ್ಯುತ್ತನ್ನೇ ಬಿಟ್ಟು ಶಬ್ದಕ್ಕೆ ಕಿವಿಗೊಟ್ಟರು. ಹೃದಯದ ಲಬ್ ಡಬ್ ಸದ್ದನ್ನು ಅಯಸ್ಕಾಂತ ಕೆಡಿಸಲಾರದು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದ ಸುತ್ತಿ ಎದೆಬಡಿತ ಕೇಳಿದ ಉಪಾಯ ಹೀಗೆ ಮರಳಿ ಬಂತು. ಆದರೂ ಎದೆಯ ಮೇಲೊಂದು ಸಾಧನ ಇರಿಸಲೇಬೇಕಿತ್ತು.

ಆ ನಂಟನ್ನೂ ಕಳಚಿದ್ದು ‘ಪೈಲಟ್ ಟೋನ್’. 2015ರಲ್ಲಿ ಸೀಮೆನ್ಸ್ ಕಂಪನಿಯ ಪೀಟರ್ ಸ್ಪೈಯರ್ ಮತ್ತು ಸಂಗಡಿಗರು ಮುಂದಿಟ್ಟ ಈ ವಿಧಾನ ಮೊದಲು ಉಸಿರಾಟವನ್ನು ಹಿಂಬಾಲಿಸಿತು, ಆಮೇಲೆ ಹೃದಯವನ್ನು. ಚಿತ್ರಕ್ಕೆ ಬಳಸದ ಆವರ್ತನದಲ್ಲಿ ಒಂದು ಕ್ಷೀಣ ರೇಡಿಯೊ ಅಲೆಯನ್ನು ಸತತವಾಗಿ ಹೊಮ್ಮಿಸುತ್ತಾರೆ. ಹೃದಯ ಕುಗ್ಗಿ ಹಿಗ್ಗಿದಂತೆ, ರಕ್ತ ತುಂಬಿ ಖಾಲಿಯಾದಂತೆ ಆ ಅಲೆ ಏರಿಳಿಯುತ್ತದೆ. ಚಿತ್ರ ಹಿಡಿಯುವ ಕಾಯಿಲ್‌ಗಳೇ ಆ ಏರಿಳಿತವನ್ನೂ ಓದುತ್ತವೆ. ಚರ್ಮಕ್ಕೆ ಅಂಟಿಸುವುದೇನೂ ಇಲ್ಲ.

ಇದರ ಬೆಲೆ ಗೊತ್ತಾಗುವುದು ಯಂತ್ರದ ಸುರಂಗದೊಳಗೆ ಮಲಗಿದವರಿಗೆ. ತಾಳ ತಪ್ಪಿ ಚಿತ್ರವನ್ನು ಮತ್ತೆ ತೆಗೆಯುವ ಪ್ರತಿ ಸಲವೂ ‘ಮತ್ತೊಮ್ಮೆ ಉಸಿರು ಬಿಗಿಹಿಡಿಯಿರಿ’ ಎಂಬ ಮಾತು ಕೇಳಬೇಕು. ಹೃದಯ ಸೋತವರಿಗೆ ಅದೇ ದೊಡ್ಡ ಶಿಕ್ಷೆ. ಇಷ್ಟು ಕಾಲ ಚಿತ್ರ ಕೆಡಿಸುತ್ತಿದ್ದ ಅಲುಗಾಟವೇ ಈಗ ಚಿತ್ರ ತೆಗೆಯುವ ಹೊತ್ತನ್ನು ಹೇಳಿಕೊಡುತ್ತಿದೆ. ಆ ಹೊತ್ತು ಸರಿಯಾಗಿ ಸಿಕ್ಕಿದರೆ, ಒಳಗಿರುವವರ ಉಸಿರು ಒಂದು ಸಲವಾದರೂ ಉಳಿಯುತ್ತದೆ.