ವೇಗಮಾಪಕದ ವ್ಯಾಧಿ

ಮುಧೋಳ ಸೀಮೆಯ ತಿಮ್ಮಾಪುರದ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಕಬ್ಬು ಹೇರಿದ ಲಾರಿಗಳೂ ಚಕ್ಕಡಿಗಳೂ ಶಾಲೆಯ ಮಕ್ಕಳೂ ಒಟ್ಟಿಗೆ ಸಂಚರಿಸುವುದುಂಟು. ಅಂಥಲ್ಲಿ ಲಾರಿಯ ವೇಗಮಾಪಕವು ಸುಳ್ಳಾಡಿದರೆ ಅನರ್ಥವೇ ಸರಿ; ವೇಗವು ಇಮ್ಮಡಿಯಾದರೆ ಆಘಾತದ ಶಕ್ತಿಯು ನಾಲ್ಮಡಿಯಾಗುವುದು.

ಹಳೆಯ ಲಾರಿಗಳಲ್ಲಿ ಗೇರು ಪೆಟ್ಟಿಗೆಯಿಂದ ಹೊರಟ ಕೇಬಲ್ಲು ಮಾಪಕದೊಳಗಿನ ಅಯಸ್ಕಾಂತವನ್ನು ತಿರುಗಿಸುವುದು; ಅದರ ಸೆಳೆತಕ್ಕೆ ಮುಳ್ಳು ಏಳುವುದು. ಮುಳ್ಳು ನಡುಗಿದರೆ ಕೇಬಲ್ಲು ಒಣಗಿರಬಹುದು ಅಥವಾ ಮಡಿಚಿರಬಹುದು. ಏಳದೆಯೇ ಇದ್ದರೆ ತುಂಡಾಗಿರಬಹುದು. ಹೊಸ ಲಾರಿಗಳಲ್ಲಿ ಕೇಬಲ್ಲಿಗೆ ಬದಲಾಗಿ ಸೆನ್ಸರೂ ತಂತಿಯೂ ಇರುವುವು. ಅವುಗಳ ಜೋಡಣೆಯಲ್ಲಿ ಕೆಸರು ಸೇರಿದೆಯೇ ಎಂದು ಮೊದಲು ನೋಡತಕ್ಕದ್ದು. ಅಳತೆಗೆ ಮೀರಿದ ಟೈರು ಹಾಕಿದ್ದರೆ ಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವುದು.

ಮೂಲವನ್ನರಿಯದೆ ಮಾಪಕವನ್ನೇ ಬದಲಿಸುವುದು ರೋಗನಿದಾನವಿಲ್ಲದ ಚಿಕಿತ್ಸೆಯಂತೆ ವ್ಯರ್ಥ. ದೋಷವು ಪರಿಹಾರವಾಗುವವರೆಗೆ ಲಾರಿಯುಳ್ಳ ಗೃಹಸ್ಥರು ಚಾಲಕನನ್ನು ಅವಸರಪಡಿಸಲಾಗದು.