ಉಂಡ ಬಟ್ಟಲು ತೊಳೆಯುವ ಮೊದಲೇ

ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್‌ಗೆ ಬಂದವರನ್ನು ಎಲ್ಲರೂ ಚಾಲ್ಚುವಾಪಾದ ತಾಸುಮಾಲ್ ಪಿರಮಿಡ್ ನೋಡಿ ಎಂದೇ ಕಳಿಸುತ್ತಾರೆ. ಹೊಯಾ ದೆ ಸೆರೆನ್ ಎಂಬ ಹಳೆಯ ಹಳ್ಳಿಗೆ ಸಿಗುವುದು ಉಳಿದ ಹೊತ್ತು. ಇದು ಅನ್ಯಾಯ. ಪಿರಮಿಡ್ಡು ಆಳಿದವರದ್ದು, ಸೆರೆನ್ ಉತ್ತು ಬಿತ್ತಿದವರದ್ದು.

ಸುಮಾರು 1400 ವರ್ಷಗಳ ಹಿಂದೆ ಲೋಮಾ ಕಾಲ್ದೇರಾ ಜ್ವಾಲಾಮುಖಿಯ ಬೂದಿ ಈ ಮಾಯಾ ಹಳ್ಳಿಯನ್ನು ಮುಚ್ಚಿತು. 1976ರಲ್ಲಿ ಧಾನ್ಯದ ಕಣಜ ಕಟ್ಟಲು ನೆಲ ಸಮ ಮಾಡುವಾಗ ಬುಲ್ಡೋಜರಿಗೆ ಸಿಕ್ಕಿತು. 1978ರಲ್ಲಿ ಅಮೆರಿಕದ ಪುರಾತತ್ವಜ್ಞ ಪೇಸನ್ ಶೀಟ್ಸ್ ಅಧ್ಯಯನಕ್ಕಿಳಿದರು. ಅಂತರ್ಯುದ್ಧ ಕೆಲಸ ನಿಲ್ಲಿಸಿತು. 1993ರಲ್ಲಿ ಯುನೆಸ್ಕೊ ಮನ್ನಣೆ ಬಂತು. ಫಲಕದಲ್ಲಿರುವ ಚರಿತ್ರೆ ಇಷ್ಟು.

ಉಳಿದದ್ದೆಲ್ಲ ನನಗೆ ಹೇಳಿದ್ದು ಗೈಡ್. ಅವರು ಮೆಕ್ಕೆಜೋಳ ಬೆಳೆಯುವವರೂ ಹೌದು, ಹಾಗಾಗಿ ಮಾತೆಲ್ಲ ಅಡುಗೆಮನೆ, ಹಿತ್ತಲಿನದೇ. ಮಡಕೆಯಲ್ಲಿ ಬೀನ್ಸ್ ಕಾಳು ಹಾಗೇ ಇತ್ತಂತೆ. ಉಂಡ ಬಟ್ಟಲಲ್ಲಿ ಬೆರಳು ಸವರಿದ ಗುರುತು. ಮಕ್ಕಳ ಕೈಗೆ ಎಟುಕದಿರಲೆಂದೋ ಏನೋ, ಹರಿತವಾದ ಕಲ್ಲಿನ ಅಲಗುಗಳನ್ನು ಹುಲ್ಲಿನ ಸೂರಿಗೆ ಸಿಕ್ಕಿಸಿದ್ದರು. ಕಟ್ಟಿಹಾಕಿದ್ದ ಬಾತುಕೋಳಿಯೊಂದು ಅಲ್ಲೇ ಸತ್ತಿತ್ತು. ಬೂದಿಗೆ ಸಿಕ್ಕಿ ಸತ್ತ ಮನುಷ್ಯರು ಮಾತ್ರ ಈವರೆಗೆ ಸಿಕ್ಕಿಲ್ಲ. ಊರು ಎದ್ದು ಓಡಿರಬೇಕು.

ಗಿಡಗಳು ಕೊಳೆತರೂ ಅವು ನಿಂತಿದ್ದ ಜಾಗ ಬೂದಿಯೊಳಗೆ ಟೊಳ್ಳಾಗಿ ಉಳಿದಿತ್ತು. ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದಾಗ ಮೆಕ್ಕೆಜೋಳ, ಕತ್ತಾಳೆ, ಮರಗೆಣಸು ಎಲ್ಲ ಅಚ್ಚಾಗಿ ಎದ್ದುಬಂದವು. ಮೆಕ್ಕೆಜೋಳದ ದಂಟುಗಳನ್ನು ಬಗ್ಗಿಸಿ, ತೆನೆ ಗಿಡದಲ್ಲೇ ಒಣಗಲು ಬಿಟ್ಟಿದ್ದರು. "ನಾವು ಇವತ್ತಿಗೂ ಮಾಡೋದು ಹೀಗೇ ನೋಡಿ" ಎಂದು ಅವರು ಗೆದ್ದವರಂತೆ ನನ್ನ ಮುಖ ನೋಡಿದರು.

ಕೋಲು ಹೆಣೆದು ಮಣ್ಣು ಮೆತ್ತಿದ ಗೋಡೆಗಳ ಬಗ್ಗೆ ಮಾತ್ರ ಅವರಿಗೆ ಬೇಸರ. ಭೂಕಂಪದಲ್ಲಿ ಅಲುಗಾಡಿದರೂ ಬಳುಕಿ ನಿಲ್ಲುವ ಕಟ್ಟಡ ಅದು. ಅವರ ಅಜ್ಜನಿಗೆ ಆ ಕೆಲಸ ಗೊತ್ತಿತ್ತು. ಈಗ ಎಲ್ಲರಿಗೂ ಸಿಮೆಂಟ್ ಇಟ್ಟಿಗೆಯೇ ಬೇಕು.

ನೋಡುವವರು ಕಂಬಿಯಾಚೆ ದೂರದಲ್ಲೇ ನಿಲ್ಲಬೇಕು. ಅಡುಗೆಮನೆಗೆ ಇಣುಕಲೂ ಆಗದೆ ನನಗೆ ಪೇಚಾಯಿತು. ಆದರೆ ಮಣ್ಣಿನ ಗೋಡೆಗೆ ತೇವವೇ ಶತ್ರು, ತೆರೆದಿಟ್ಟಷ್ಟೂ ಸವೆಯುತ್ತದೆ. ಇನ್ನೂ ಹಲವು ಕಟ್ಟಡಗಳು ನೆಲದಡಿ ಇವೆ. ಬೇಗ ಅಗೆದರೆ ಜನ ಬರುತ್ತಾರೆ ಎಂಬುದು ಗೈಡ್ ವಾದ. ಅವರ ಆ ಒಂದು ಮಾತನ್ನು ನಾನು ಒಪ್ಪಲಾರೆ. ಅಗೆದಿರುವುದನ್ನು ಕಾಯುವಷ್ಟು ದುಡ್ಡು, ಕೈಗಳು ಒದಗುವ ತನಕ ಅವು ಬೂದಿಯಲ್ಲೇ ಇರಲಿ.